ಅಕ್ಕನ ಕಾರಿನ ಸಣ್ಣ ದೀಪಗಳು

"ನಮ್ಮಜ್ಜಿ ಭಾಳ ಮೆತ್ತಗ, ಯಾರಿಗೂ ಒಂದು ಮಾತು ಅಂದಾಕಿ ಅಲ್ಲ" ಎಂದು ಮೊಮ್ಮಕ್ಕಳು ನೀವು ಹೇಳುವುದು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಂಕೋಚವಾಗುತ್ತದೆ. ನಾನು ಒಮ್ಮೆ ಬಾಯಿ ಮುಚ್ಚಿಕೊಂಡದ್ದು ನಾಚಿಕೆಯಿಂದಲ್ಲ, ಹೊಟ್ಟೆಕಿಚ್ಚಿನಿಂದ. ಅದನ್ನು ಬರೆದಿಡುತ್ತೇನೆ.

ಆಗಿನ್ನೂ ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಇಚಲಕರಂಜಿಯ ಶಹಾಪುರದಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಗಂಡನನ್ನು ಕಳೆದುಕೊಂಡಿದ್ದ ಅತ್ತೆ, ಭಾವ, ಭಾವನ ಹೆಂಡತಿ, ನಾನು, ನಿಮ್ಮ ಅಜ್ಜ. ಭಾವನವರದು ನೂಲಿನ ವ್ಯಾಪಾರ, ನಿಮ್ಮ ಅಜ್ಜನದು ಮೋಟರ್ ಗ್ಯಾರೇಜಿನಲ್ಲಿ ಕೆಲಸ. ಭಾವನ ಹೆಂಡತಿ ನನಗೆ ನೆಗೆಣ್ಣಿ, ಅವಳಿಗೆ ನಾನು ಅಕ್ಕಾ ಎನ್ನುತ್ತಿದ್ದೆ. ಅವಳ ತವರು ಗಡಹಿಂಗ್ಲಜ ಪೇಟೆಯಲ್ಲಿ, ನನ್ನದು ಅಲ್ಲಿಗೆ ಹೋಗುವ ದಾರಿಯ ಮೇಲಿನ ಸಣ್ಣ ಹಳ್ಳಿ. ಅಕ್ಕ ನಕ್ಕರೆ ಬಾಜೂ ಶೆಡ್ಡಿನ ಮಗ್ಗಗಳ ಖಟಖಟ ಸಪ್ಪಳವನ್ನೂ ದಾಟಿ ಬೀದಿಗೆ ಕೇಳುತ್ತಿತ್ತು. ಅವಳ ರೇಷ್ಮೆ ಸೀರೆಯ ಮೇಲಷ್ಟೇ ಅಲ್ಲ, ಆ ನಗುವಿನ ಮೇಲೂ ನನಗೆ ಹೊಟ್ಟೆಕಿಚ್ಚು.

ಹೀಗಿರುವಾಗ ಭಾವ ಕೊಲ್ಹಾಪುರದಿಂದ ಒಂದು ಹಳೆಯ ಕಪ್ಪು ಕಾರು ಕೊಂಡು ತಂದರು. ರವಿವಾರ ಬಂತೆಂದರೆ ನಿಮ್ಮ ಅಜ್ಜ ಅದರ ಕೆಳಗೇ. ನನ್ನೊಡನೆ ಕೂತು ಎರಡು ಮಾತಾಡುವ ಒಂದು ದಿನವನ್ನೂ ಅಕ್ಕನ ಕಾರು ತಿಂದುಹಾಕಿತಲ್ಲ ಎಂದು ಸಿಟ್ಟು. ಚಹಾ ಕೊಡುವ ನೆಪದಲ್ಲಿ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಅವರು ಬೆರಳ ತುದಿಯಷ್ಟು ಬಲ್ಬು ಕೂಡಿಸುತ್ತಿದ್ದರು.

"ಅಷ್ಟ ದೊಡ್ಡ ದೀಪ ಇದ್ದಮ್ಯಾಲ ಈ ಮಿಣಕ ದೀಪ ಯಾಕ್ರಿ?" ಎಂದೆ.

"ಇದು ದಾರಿ ನೋಡಾಕಲ್ಲ. ಕತ್ತಲದಾಗ ನಿಂತ ಗಾಡಿ ಮಂದಿಗೆ ಕಾಣ್ಲಿ ಅಂತ. ಪಾರ್ಕಿಂಗ್ ಲೈಟ್ ಅಂತಾರ."

ಮುಂದೆ ಬಿಳಿ, ಹಿಂದೆ ಕೆಂಪು ಎಂದು ತೋರಿಸಿ ತಿಳಿಸಿ ಹೇಳಿದರು. ಎದುರಿಗೆ ಬರುವ ಚಕ್ಕಡಿಯವನಿಗೆ ಗಾಡಿಯ ಮುಖ ಯಾವುದು, ಬೆನ್ನು ಯಾವುದು ಎಂದು ತಿಳಿಯಬೇಕಲ್ಲ. ಎರಡೂ ಅಂಚಿಗೆ ಇಟ್ಟಿರುವುದು ಗಾಡಿ ಎಷ್ಟು ಅಗಲ ಎಂದು ತೋರಿಸಲಿಕ್ಕೆ. ಗುಂಡಿಯನ್ನು ಒಮ್ಮೆ ಎಳೆದರೆ ಸಣ್ಣವು ಹತ್ತುತ್ತವೆ, ಇನ್ನೊಮ್ಮೆ ಎಳೆದರೆ ದೊಡ್ಡವು. ದೊಡ್ಡವು ಕಣ್ಣಿಗೆ ಹೊಡೆಯುತ್ತವೆ, ಬ್ಯಾಟರಿಯನ್ನೂ ಬೇಗ ಕುಡಿಯುತ್ತವೆ. ಅದಕ್ಕೇ ನಿಂತ ಗಾಡಿಗೆ ಇವು.

"ಕೀಲಿ ತಗದ್ರೂ ಹತ್ತೇ ಇರತಾವೇನ್ರಿ?"

"ಹೌದು ಮತ್ತ. ಮಾಲಕ ಕೀಲಿ ಕಿಸೆದಾಗ ಹಾಕ್ಕೊಂಡ ಹೋಗಿರತಾನ, ಗಾಡಿ ರಸ್ತಾದಾಗ ನಿಂತಿರತೈತಿ. ಆದ್ರ ಇದರ ಬ್ಯಾಟರಿ ಹಳೇದು. ರಾತ್ರಿಪೂರಾ ಬಿಟ್ರ ಮುಂಜಾನೆ ಖಲಾಸ್. ಆಮ್ಯಾಲ ಗೇರಿನಾಗ ಹಾಕಿ ನೂಕೂದ."

ಅಕ್ಕನಿಗೆ ಕಾರಿತ್ತು. ಆದರೆ ಇಷ್ಟು ವಿಷಯ ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದೇ ನನ್ನ ಹೆಚ್ಚುಗಾರಿಕೆ.

ಅಕ್ಕನ ತಮ್ಮನ ಲಗ್ನ ಬಂತು. ಶನಿವಾರ ಮುಂಜಾನೆ ಗಂಡಹೆಂಡತಿ ಕಾರಿನಲ್ಲಿ ಹೊರಡುವುದೆಂದಾಯಿತು. ತವರಿಗೆ ಕಾರಿನಲ್ಲಿ ಹೋಗಿ ಇಳಿಯಬೇಕೆಂಬುದು ಅವಳ ಎಷ್ಟೋ ದಿನದ ಆಸೆ. ನಿಮ್ಮ ಅಜ್ಜ ಕೆಟ್ಟುನಿಂತ ಲಾರಿಯೊಂದನ್ನು ನೋಡಲು ಮುರಗೂಡಕ್ಕೆ ಹೋಗಿದ್ದರು.

"ತಂಗೆವ್ವಾ, ನಿಮ್ಮೂರ ಮುಂದನ ಹಾಯ್ತೀವಿ. ನಿಮ್ಮವ್ವಗ ಏನರೆ ಹೇಳೂದೈತೇನ?" ಎಂದಳು ಅಕ್ಕ.

"ನನ್ನೂ ಕರಕೊಂಡ ಹೋಗ್ರಿ ಅಕ್ಕಾ. ಅಲ್ಲೇ ಇಳೀತೀನಿ."

"ಹಿಂದ ಸೀರಿ ಗಂಟ, ಲಾಡು ಡಬ್ಬಿ, ಹಣ್ಣಿನ ಬುಟ್ಟಿ. ನಿನ್ನ ಎಲ್ಲಿ ಕುಂಡ್ರಸ್ಲಿ, ಬುಟ್ಟ್ಯಾಗ?" ಎಂದು ನಕ್ಕಳು. ಬೀದಿಗೆ ಕೇಳುವ ಅದೇ ನಗು.

ಆ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಕಾರಿಗೆ ಪೂಜೆ. ಇಂಥದ್ದಕ್ಕೆಲ್ಲ ಹಿಂದೆ ಸರಿದು ನಿಲ್ಲುತ್ತಿದ್ದ ಅತ್ತೆ ಅಂದು ಖುಷಿಯಲ್ಲಿ ತಾನೇ ಮುಂದೆ ಬಂದು ಆರತಿ ಬೆಳಗಿದಳು. ಗಾಡಿಯ ದೀಪವನ್ನೂ ಹಚ್ಚು ಎಂದಳು. ಭಾವ ಸಣ್ಣವನ್ನು ಹಚ್ಚಿದರು. ಪೂಜೆ ಮುಗಿದ ಮೇಲೆ ಆರಿಸಲು ಕೈಹಾಕಿದರೆ ಅತ್ತೆ ತಡೆದಳು.

"ಹಚ್ಚಿದ ದೀಪಾ ಆರಸ್ತಿ? ಲಕ್ಷ್ಮಿ ಒಳಗ ಬರೂ ಹೊತ್ತು! ಇರ್ಲಿ ಬಿಡೋ."

"ಇಷ್ಟ ಸಣ್ಣ ದೀಪಾ, ಏನ ಆಗತೈತಿ, ಇರ್ಲಿ ಬಿಡವ್ವಾ" ಎಂದು ಭಾವ ಕೀಲಿ ಕಿಸೆಗೆ ಹಾಕಿಕೊಂಡು ಒಳಗೆ ಬಂದರು.

ಭಾವನ ಎದುರು ನಾನು ಎಂದೂ ಮಾತಾಡಿದವಳಲ್ಲ. ಆದರೆ ಅಡಿಗೆಮನೆಯಲ್ಲಿ ಅಕ್ಕನಿಗೆ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು, "ನಾಳೆ ನಮ್ಮ ಓಣಿ ಮಂದಿ ಎಲ್ಲಾ ಕಾರಿನ ಸುತ್ತ ನಿಂತಿರತಾರ ನೋಡ" ಎಂದಳು. ನಾನು ಮಾತು ನುಂಗಿದೆ. ಊಟದ ಪಾತ್ರೆ ತೊಳೆಯಲು ಹೊರಗೆ ಬಂದಾಗ ದೀಪಗಳು ಉರಿಯುತ್ತಲೇ ಇದ್ದವು. ಕಾರಿನ ಬಾಗಿಲಿಗೆ ಕೀಲಿ ಹಾಕಿರಲಿಲ್ಲ. ಯಾವ ಗುಂಡಿ ಎಂಬುದೂ ಗೊತ್ತಿತ್ತು. ಪಾತ್ರೆ ತೊಳೆದು ಒಳಗೆ ಹೋಗಿ ಮಲಗಿದೆ.

ಬೆಳಿಗ್ಗೆ ಕಾರು ಉಸಿರೆತ್ತಲಿಲ್ಲ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿ ತಿರುವಿ ಭಾವನವರ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ರೇಷ್ಮೆ ಸೀರೆಯುಟ್ಟು ಹೂ ಮುಡಿದಿದ್ದ ಅಕ್ಕ ಕಣ್ಣಲ್ಲಿ ನೀರು ತಂದುಕೊಂಡು, "ನಡೀರಿ, ಎಸ್‌ಟಿ ಬಸ್ಸಿಗೇ ಹೋಗೂಣು" ಎಂದಳು. ಸುಳ್ಳು ಯಾಕೆ ಹೇಳಲಿ, ಆಗ ನನ್ನ ಹೊಟ್ಟೆ ತಣ್ಣಗಾಯಿತು.

ಆದರೆ ಅತ್ತೆ ಆರಿದ ದೀಪಗಳನ್ನು ನೋಡಿ ಕಟ್ಟೆಯ ಮೇಲೆ ಕುಸಿದು ಕೂತಿದ್ದಳು.

"ದೀಪಾ ತಾವ ಆರಿದ್ವು. ಗಂಡ ಇಲ್ಲದಾಕಿ ನಾ ಮುಂದ ನಿಂತ ಆರತಿ ಮಾಡಬಾರದಿತ್ತು. ನನ್ನ ಕೈಗುಣಾನ ಚಲೋ ಇಲ್ಲ. ಇನ್ನ ಯಾವ ಶುಭಕ್ಕೂ ನನ್ನ ಕರೀಬ್ಯಾಡ್ರಿ."

ಚಹಾ ಕೊಟ್ಟರೆ ಕೈ ಸರಿಸಿದಳು. ಆ ಮಾತಿನ ಭಾರ ಅರ್ಧದಷ್ಟು ಮಾತ್ರ ನನಗೆ ಆಗ ತಿಳಿದದ್ದು. ಅಷ್ಟೇ ಸಾಕಾಯಿತು. ಭಾವನವರಿದ್ದಾರೆಂಬುದನ್ನೂ ಮರೆತು ಗಟ್ಟಿಯಾಗಿ ಹೇಳಿದೆ.

"ನಿಮ್ಮ ಕೈಯಿಂದಲ್ರೀ ಅತ್ತಿ. ಸಣ್ಣ ದೀಪಾ ರಾತ್ರಿಪೂರಾ ಉರದು ಬ್ಯಾಟರಿ ಇಳದೈತಿ. ಗೇರಿನಾಗ ಹಾಕಿ ನೂಕಿದ್ರ ಚಾಲೂ ಆಗತೈತಿ."

ಎಲ್ಲರೂ ನನ್ನನ್ನೇ ನೋಡಿದರು. ಅಕ್ಕ ಹತ್ತಿರ ಬಂದಳು. "ನಿನಗ ನಿನ್ನೆನ ಗೊತ್ತಿತ್ತೇನ?"

"ಹೌದ್ರಿ."

"ಮತ್ತ ಯಾಕ ಹೇಳ್ಲಿಲ್ಲ?"

ನಾಚಿಕೆಯಾಯಿತು ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. "ಹೊಟ್ಟಿಕಿಚ್ಚರಿ ಅಕ್ಕಾ" ಎಂದೆ.

"ಎವ್ವಾ! ಮಾತಾಡದಾಕಿ ಒಂದ ಮಾತಾಡಿದ್ರೂ ಎಂಥಾ ಮಾತಾಡ್ತಾಳ ನೋಡ್ರಿ! ಹಂಗಾರ ಸೆರಗ ಕಟ್ಟ. ಬಂದ ನೂಕ" ಎಂದಳು ಅಕ್ಕ.

ಬಾಜೂ ಶೆಡ್ಡಿನ ಇಬ್ಬರು ಮಗ್ಗದವರು ಒಂದು ಕಡೆ, ನಾನು ಒಂದು ಕಡೆ. ಭಾವ ಸ್ಟೇರಿಂಗ್ ಹಿಡಿದರು, ಅಕ್ಕ ಸೀರೆ ಮುದುಡದ ಹಾಗೆ ಒಳಗೆ ಕೂತಳು. ಕೆಂಪು ಗಾಜಿನ ಮೇಲೆ ಅಂಗೈಯೂರಿ ಇಳಿಜಾರಿನವರೆಗೆ ನೂಕಿದೆ. ಕಾರು ಕೆಮ್ಮಿ, ನನ್ನ ಮುಖಕ್ಕೆ ಹೊಗೆಯುಗುಳಿ ಓಡಿತು.

ಮನೆಗೆ ಬಂದಾಗ ಅತ್ತೆ ಕೇಳಿದಳು, "ಖರೇನ? ನನ್ನ ಕೈಯಿಂದಲ್ಲ?"

"ಅಲ್ರಿ ಅತ್ತಿ. ನಾ ಸುಮ್ಮನಿದ್ದದ್ದಕ್ಕ ಆಗಿದ್ದು."

ಅವಳು ಚಹಾ ಕುಡಿದಳು. ನಾನು ಎದುರಿಗೇ ಕೂತಿದ್ದೆ. ಆದರೆ ನನ್ನ ಕಿವಿ ಮಾತ್ರ ದೂರ ಹೋಗುತ್ತಿದ್ದ ಆ ಸಪ್ಪಳದ ಹಿಂದೆಯೇ ಇತ್ತು, ತಿರುವಿನಲ್ಲಿ ಇನ್ನೊಮ್ಮೆ ನಿಂತೀತೇನೋ ಎಂಬ ಆಸೆಯಿಂದ. ನಿಲ್ಲಲಿಲ್ಲ.