ಹೊಲಿಗಿ ಬಿಟ್ಟ ಚೀಲ

ಹೋದ ಡಿಸೆಂಬರಿನಲ್ಲಿ ಈ ತೆಲುಗು ಊರಿನ ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನ ಮೇಲೆ ಪಾಸ್ಟರಮ್ಮ, ಅವರ ಚರ್ಚಿನ ತೆಲುಗು ಹೆಂಗಸರು, ಕನ್ನಡದವರು ನಾವು ಮೂವರು, ಎಲ್ಲರೂ ಬಾಣಲೆ ಸುತ್ತ ಕೂತಿದ್ದೆವು. ಒಂದು ಕರ್ಚಿಕಾಯಿ ಎಣ್ಣೆಯಲ್ಲಿ ಬಾಯಿಬಿಟ್ಟು, ಒಳಗಿನ ಕೊಬ್ಬರಿ ಸಕ್ಕರೆಯೆಲ್ಲ ಚೆಲ್ಲಿ, ಸೀದ ವಾಸನೆ ಎದ್ದಿತು. ಆ ವಾಸನೆಗೆ ದೊಡ್ಡವ್ವ ನೆನಪಾದರು... ಜೊತೆಗೆ ಹಳೆಯ ಸಿಟ್ಟೂ.

ದೊಡ್ಡವ್ವ ಅಂತ ನಾವೆಲ್ಲ ಕರೆಯುತ್ತಿದ್ದ ಆ ಹಿರಿಯಾಕೆ ಗದಗಿನ ಕಡೆಯವರು. ಕೆಳಗಿನ ಫ್ಲಾಟಿನಲ್ಲಿ ಮಗ, ತೆಲುಗು ಸೊಸೆ, ಮೊಮ್ಮಕ್ಕಳ ಜೊತೆ ಇದ್ದರು. ಕ್ರಿಸ್ಮಸ್ ಊಟಕ್ಕೆ ಕನ್ನಡದ ಮನೆಗಳವರೆಲ್ಲ ಅವರಲ್ಲಿಗೇ ಹೋಗುವುದು ರೂಢಿ. ನೌಕಾಪಡೆಯಲ್ಲಿದ್ದ ಯಜಮಾನರಿಗೆ ವರ್ಗವಾಗಿ ನಾವು ಇಲ್ಲಿಗೆ ಬಂದ ಹೊಸತರಲ್ಲೇ ಆ ರೂಢಿ ಮುರಿದವಳು ನಾನು. ಬೇರೆ ಬೇರೆ ಯಾಕೆ, ತೆಲುಗಿನವರೂ ನಾವೂ ಟೆರೇಸಿನಲ್ಲಿ ಒಟ್ಟಿಗೇ ಕರಿಯೋಣ, ಹಾಡೋಣ, ಉಣ್ಣೋಣ ಅಂದೆ. ಎಲ್ಲರೂ ಹೂಂ ಅಂದರು, ದೊಡ್ಡವ್ವನೊಬ್ಬರನ್ನು ಬಿಟ್ಟು.

ಮೆಟ್ಟಿಲಲ್ಲೇ ನನ್ನನ್ನು ಹಿಡಿದರು. "ನೇವ್ಯಾಗ ಬದ್ಲಿ ಆಗಿ ಮೊನ್ನೆ ಬಂದಾಕಿ, ನಾಳೆ ಹೋಗಾಕಿ. ನನ್ನ ಮನಿ ಹಬ್ಬ ಮುರ್ಯಾಕ ನೀ ಯಾರ?"

"ಮುರಿಯೋದಲ್ಲ ದೊಡ್ಡವ್ವ, ಕೂಡಿಸೋದು."

"ಕೂಡ್ಸು, ಕೂಡ್ಸು! ಮೊಮ್ಮಕ್ಳು ಅಜ್ಜಿ ಅನ್ನೂದು ಬಿಟ್ಟು ನಾನಮ್ಮಾ ಅಂತಾವು. ವರ್ಷಕ್ಕ ಒಮ್ಮೆ ಈ ಮನ್ಯಾಗ ಕನ್ನಡದಾಗ ಪ್ರಾರ್ಥನಿ ಆಕ್ಕಿತ್ತು. ಅದನ್ನೂ ಕಸಗೊಂಡ್ ಹೋಗು."

ನಾನೂ ಹಟದವಳೇ. ನಡೆಸಿಯೇ ಬಿಟ್ಟೆ. ಅವರೂ ಬಂದರು, ಯಾರೂ ಕರೆಯದೆ. ನೀರಿನ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೈಕಟ್ಟಿ ಕೂತರು. ಪಾಸ್ಟರಮ್ಮ ಪ್ಲಾಸ್ಟಿಕ್ ಅಚ್ಚು ತಂದಿದ್ದರು. ಹಿಟ್ಟಿಟ್ಟು, ಹೂರಣ ತುರುಕಿ, ಒತ್ತಿದರೆ ಆಯಿತು. ಬೇಗ ಮುಗಿಯಲಿ ಅಂತ ನಾವು ಹೂರಣ ಹೆಚ್ಚೇ ತುರುಕಿದೆವು. ಮೊದಲನೆಯ ಸಲಕ್ಕೇ ನಾಲ್ಕಾರು ಬಾಯಿಬಿಟ್ಟು ಎಣ್ಣೆ ಕಪ್ಪಾಯಿತು.

"ಇದು ಕರ್ಚಿಕಾಯೇನ? ಹೊಲಿಗಿ ಬಿಟ್ಟ ಚೀಲ!"

"ಏಮಂಟುನ್ನಾರು?" ಏನಂತಾರೆ ಎಂದು ಪಾಸ್ಟರಮ್ಮ ಕೇಳಿದರು. ದೊಡ್ಡವ್ವನ ಸೊಸೆ ತಲೆ ತಗ್ಗಿಸಿ ಅಚ್ಚಿಗೆ ಹಿಟ್ಟಿಟ್ಟಳು.

ದೊಡ್ಡವ್ವ ಕೆಳಗಿಳಿದು ಹೋಗಿ ಸ್ಟೀಲ್ ಡಬ್ಬಿ ತಂದರು. ಜಡೆ ಹೆಣೆದ ಹಾಗೆ ಅಂಚು ಮಡಿಚಿದ ಕರ್ಚಿಕಾಯಿ. ಪಾಸ್ಟರಮ್ಮನಿಗೆ ಕೊಟ್ಟರು, ಅವರ ಗೆಳತಿಯರಿಗೆ ಕೊಟ್ಟರು. ನನ್ನ ಮುಂದೆ ಬಂದಾಗ ಡಬ್ಬಿ ಮುಚ್ಚಿದರು. ಊಟಕ್ಕೆ ಮೊದಲು ಕನ್ನಡದಲ್ಲಿ ಪ್ರಾರ್ಥನೆ ಮಾಡಿ ಅಂತ ಪಾಸ್ಟರಮ್ಮ ಕೈ ಹಿಡಿದು ಕೇಳಿಕೊಂಡರೂ, "ಇಲ್ಲೆ ನಾ ಬಾಯಿ ತೆಗ್ಯಾಕಿಲ್ಲ" ಅಂದರು. ಬೈಯುವುದಕ್ಕೆ ಮಾತ್ರ ಬಾಯಿ ಧಾರಾಳವಾಗಿತ್ತು.

ಆಮೇಲೆ ಪ್ರತಿ ವರ್ಷವೂ ಅದೇ ಕುರ್ಚಿ, ಅದೇ ಬೈಗುಳ. ನನ್ನ ಜೊತೆ ನೇರ ಮಾತಿಲ್ಲ. "ಆ ನೇವಿಯಾಕಿಗೆ ಹೇಳ್ರಿ, ಉರಿ ಜಾಸ್ತಿ ಆಗೇತಿ." ನಾನೂ ಹಾಗೇ. "ಉರಿ ಯಾರ ಹೊಟ್ಟೇಲಿದೆ ಕೇಳಿ" ಅನ್ನುತ್ತಿದ್ದೆ. ಅವರನ್ನು ಒಳಗೊಳಗೇ ಪ್ರೀತಿಸುತ್ತಿದ್ದೆ ಅಂತ ಈಗ ಬರೆದರೆ ಸುಳ್ಳಾದೀತು.

ಯಜಮಾನರು ನಿವೃತ್ತರಾದ ಮೇಲೆ ನಾವು ಇಲ್ಲೇ ಉಳಿದೆವು. ಊರು ಬಿಟ್ಟು ಹೋದವರು ದೊಡ್ಡವ್ವನೇ. ಮಗ ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ಅಂಗಡಿ ಹಾಕಿದ, ಎಲ್ಲರೂ ಅಲ್ಲಿಗೆ ಹೊರಟರು. ಹೋಗುವ ದಿನವೂ ನನ್ನ ಬಾಗಿಲು ತಟ್ಟಲಿಲ್ಲ. ಅವರು ಅಲ್ಲೇ ತೀರಿಕೊಂಡು ಮಣ್ಣಾದ ಮೇಲೆ ಸುದ್ದಿ ಬಂತು. ಅಳು ಬರಲಿಲ್ಲ. ಜಗಳಕ್ಕೆ ಇನ್ನು ಯಾರಿದ್ದಾರೆ ಅನ್ನಿಸಿತು, ಅಷ್ಟೆ...

ಹೋದ ಡಿಸೆಂಬರಿನಲ್ಲಿ ಅವರ ಸೊಸೆ ಹಬ್ಬಕ್ಕೆಂದು ಬಂದಿದ್ದಳು. ಅಚ್ಚು ಮುಟ್ಟದೆ, ಮೂಲೆಯಲ್ಲಿ ಕೂತು ಬೆರಳಲ್ಲೇ ಅಂಚು ಮಡಿಚುತ್ತಿದ್ದಳು. ಅವಳ ಬಾಯಲ್ಲಿ ಒಂದು ಕನ್ನಡ ಮಾತನ್ನೂ ನಾನು ಎಂದೂ ಕೇಳಿದವಳಲ್ಲ. ನಾನು ಬಿಟ್ಟ ಕರ್ಚಿಕಾಯಿ ಒಡೆದು ವಾಸನೆ ಎದ್ದಾಗ, ಅವಳು ತಲೆಯೆತ್ತದೆ, ಅಪ್ಪಟ ಗದಗಿನ ದನಿಯಲ್ಲಿ ಅಂದಳು:

"ಹೊಲಿಗಿ ಬಿಟ್ಟ ಚೀಲ."

ನಾನು ಎಣ್ಣೆ ಬದಲಿಸಿದೆ.