ಮೂರು ಸೂಜಿಯ ಪೈನ್ ಮರಗಳು

ಕೋವಿಡ್ ಕಳೆದ ಮೇಲಿನ ಮೂರನೇ ಚಳಿಗಾಲ. ದುಬೈಯ ಒಂದು ಲ್ಯಾಂಡ್‌ಸ್ಕೇಪ್ ಕಂಪನಿಯಲ್ಲಿ ನಾನು ಪ್ಲಾಂಟ್ ಇನ್‌ಸ್ಪೆಕ್ಟರ್. ನರ್ಸರಿಯಿಂದ ಬಂದ ಮರಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಸಹಿ ಹಾಕಿ ಲಾರಿಯಿಂದ ಇಳಿಸಿಕೊಳ್ಳುವುದು ನನ್ನ ಕೆಲಸ. ಸೇರಿ ನಾಲ್ಕು ತಿಂಗಳಾಗಿತ್ತು, ಪ್ರೊಬೇಷನ್ ಮುಗಿಯಲು ಇನ್ನೆರಡು ಬಾಕಿ. ತೋಟಗಾರಿಕೆಯಲ್ಲಿ ಪದವಿ ಪಡೆದಿದ್ದೆ, ನಿಜ. ಆದರೆ ನನ್ನ ಅಸಲು ಶಿಕ್ಷಣ ನಡೆದದ್ದು ಚರ್ಚಾಸ್ಪರ್ಧೆಗಳಲ್ಲಿ. ಯಾರು ಏನು ಹೇಳಿದರೂ ‘ಆಧಾರ ಏನು?’ ಎಂದು ಕೇಳುವುದು ಅಭ್ಯಾಸವಾಗಿ ಹೋಗಿತ್ತು.

ಸೈಟಿನ ಫೋರ್‌ಮನ್ ಅಬ್ದುಲ್ ರಹಿಮಾನ್. ಉಳ್ಳಾಲದ ಕಡೆಯವರು. ನಮ್ಮ ಕರಾವಳಿಯ ವಾಡಿಕೆಯಂತೆ ನಾನು ಕರೆಯುತ್ತಿದ್ದದ್ದು ಅದ್ರಾಮಾಕ. ಹತ್ತೊಂಬತ್ತು ವರ್ಷ ಇದೇ ಮರಳಿನಲ್ಲಿ ಗಿಡ ನೆಟ್ಟವರು. ಹೆಂಡತಿ, ಮಗಳ ಜೊತೆ ಅಲ್ ನಹ್ದಾದಲ್ಲಿ ಮನೆ. ಆ ಇಬ್ಬರ ವೀಸಾ ನಿಂತಿದ್ದದ್ದು ಅವರ ಕೆಲಸದ ಮೇಲೆ. ಮಗಳು ಸಫಾಗೆ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೆ ಏಳು ವಾರ ಉಳಿದಿತ್ತು. ಅವರ ಕಾಂಟ್ರಾಕ್ಟ್ ರಿನ್ಯೂ ಆಗಬೇಕಾದದ್ದೂ ಅದೇ ತಿಂಗಳು.

ಆಗ ನಮ್ಮ ಸೈಟು ಇದ್ದ ವಿಲ್ಲಾ ಕಾಲೊನಿಯ ನಡುವಿನ ಉದ್ಯಾನದಲ್ಲಿ ಮೂವತ್ತಾರು ಪೈನ್ ಮರಗಳನ್ನು ನೆಟ್ಟಿದ್ದೆವು, ಪೂರ್ವಕ್ಕೊಂದು ಸಾಲು, ಪಶ್ಚಿಮಕ್ಕೊಂದು. ಆರ್ಡರ್ ಇದ್ದದ್ದು ಅಲೆಪ್ಪೊ ಪೈನ್‌ಗೆ. ಅದು ಮೆಡಿಟರೇನಿಯನ್ ಕಡೆಯ ಸುಣ್ಣದ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಮರ, ಒಣ ನೆಲಕ್ಕೂ ಬಿಸಿಲಿಗೂ ಹೆದರುವುದಿಲ್ಲ. ನೆಟ್ಟು ಹತ್ತು ವಾರಕ್ಕೆ ಪೂರ್ವದ ಸಾಲು ಕಂದು ತಿರುಗಿತು. ಹದಿನೆಂಟರಲ್ಲಿ ಹದಿನಾರು! ಪಶ್ಚಿಮದ ಸಾಲು ಮಾತ್ರ ಹೆಚ್ಚುಕಡಿಮೆ ಹಸಿರಾಗಿಯೇ ಇತ್ತು. ಉದ್ಯಾನವನ್ನು ಮಾಲೀಕರಿಗೆ ಒಪ್ಪಿಸಲು ಇನ್ನು ಮೂರೇ ವಾರ.

ಮ್ಯಾನೇಜರ್ ಶ್ರೀನಿವಾಸ್ ಮೈಸೂರಿನವರು. ಸೈಟಿನ ಪೋರ್ಟಾ ಕ್ಯಾಬಿನ್‌ನಲ್ಲಿ ಮೀಟಿಂಗ್ ಕರೆದರು. “ನೋಡಮ್ಮ, ನನಗೆ ಒಂದೇ ಒಂದು ಕಾರಣ ಬೇಕು. ಒಂದು ಹಾಳೆಯಲ್ಲಿ.”

ಕಾರಣ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಪೂರ್ವದ ಸಾಲಿನ ಮಣ್ಣನ್ನು ಒಂದು ಅಡಿ ಬಗೆದು ನೋಡಿದ್ದೆ, ಒದ್ದೆಯಾಗಿತ್ತು. ಇಲ್ಲಿನ ಫೋರ್‌ಮನ್‌ಗಳಿಗೆ ಖರ್ಜೂರದ ಮರ ಸಾಕಿ ಅಭ್ಯಾಸ, ಎಲೆ ಬಾಡಿದರೆ ನೀರು ಹೆಚ್ಚಿಸುತ್ತಾರೆ, ಪೈನ್‌ನ ಬೇರು ಕೊಳೆಯುತ್ತದೆ. ಹೀಗೆ ವಾದ ಮಂಡಿಸಿದೆ.

ಅದ್ರಾಮಾಕ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ನೀರು ಎರಡು ಸಾಲಿಗೂ ಒಂದೇ ವಾಲ್ವಿನಿಂದ ಹೋಗುವುದು, ಮೇಡಂ. ಆಚೆಯದ್ದು ಯಾಕೆ ಹಸಿರುಂಟು?”

“ಅಲ್ಲಿ ಗೋಡೆಯ ನೆರಳಿದೆ. ಮಣ್ಣು ಬಿಸಿಯಾಗುವುದಿಲ್ಲ, ಬೇರು ಕೊಳೆಯುವುದಿಲ್ಲ.”

“ಅಲ್ಲ, ಈ ಸಾಲಿನ ಸೂಜಿಯೇ ಬೇರೆ ನಮೂನೆ ಕಾಣ್ತದೆ…”

“ಅದ್ರಾಮಾಕ, ಕಾಯಿಲೆ ಬಂದ ಮರದ ಎಲೆ ಬೇರೆ ಥರ ಕಾಣದೆ ಇನ್ನೇನು?”

ಶ್ರೀನಿವಾಸ್ ನಕ್ಕರು. ಅದ್ರಾಮಾಕ ನಗಲಿಲ್ಲ, ಮತ್ತೆ ಮಾತೂ ಆಡಲಿಲ್ಲ. ಅವರು ಬಾಯಿ ಮುಚ್ಚಿದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ಮಂಗಳವಾರ ವರದಿ ಕಳಿಸಿದೆ: ಅತಿ ನೀರಾವರಿ, ಮೇಲ್ವಿಚಾರಣೆಯ ಲೋಪ. ಗುರುವಾರ ಮಧ್ಯಾಹ್ನ ಅದನ್ನು ಹೆಡ್ ಆಫೀಸಿಗೆ ಮುಟ್ಟಿಸುವುದಾಗಿ ಶ್ರೀನಿವಾಸ್ ಹೇಳಿದರು. ಮುಟ್ಟಿದ ಮೇಲೆ ಕಾಂಟ್ರಾಕ್ಟ್ ರಿನ್ಯೂ ಆಗುವ ಮಾತೇ ಇರಲಿಲ್ಲ.

ಬುಧವಾರ ಚಹಾದ ಹೊತ್ತು. ಅದ್ರಾಮಾಕ ಪೂರ್ವದ ಸಾಲಿನ ಕೆಳಗೆ ಕುಳಿತಿದ್ದರು. ಫೋನಿನ ಸ್ಪೀಕರ್‌ನಲ್ಲಿ ಸಫಾ: “ಉಪ್ಪಾ, ಅಡ್ಮಿಟ್ ಕಾರ್ಡ್ ಫಾರ್ಮ್‌ಗೆ ಸೈನ್ ಮಾಡ್ಬೇಕು. ಪ್ಲೀಸ್ ಡೋಂಟ್ ಫರ್ಗೆಟ್!”

“ಆಯ್ತು ಮೋಳೆ. ಉಪ್ಪ ಇಲ್ಲೇ ಉಂಟಲ್ಲ, ಎಲ್ಲಿಗೂ ಹೋಗುವುದಿಲ್ಲ.”

ಮಾತಾಡುತ್ತಲೇ ಅವರ ಬೆರಳುಗಳು ಒಂದು ಸೂಜಿಯನ್ನು ಎಳೆದೆಳೆದು ನೋಡುತ್ತಿದ್ದವು. ಆ ಆಟ ನನಗೂ ಗೊತ್ತು. ಕಡಲ ತೀರದ ಗಾಳಿಮರದ ಸೂಜಿಯಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಂದು ಗಂಟಿನಲ್ಲಿ ಕಿತ್ತು, ಗೊತ್ತಾಗದಂತೆ ಮತ್ತೆ ಸಿಕ್ಕಿಸಿ, ‘ಎಲ್ಲಿ ತುಂಡಾದದ್ದು ಹೇಳು’ ಎಂದು ಕೇಳುವುದು ನಮ್ಮ ಕಡೆಯ ಮಕ್ಕಳ ಆಟ.

“ಇದು ಗಾಳಿಮರ ಅಲ್ಲ, ಗಂಟಿಲ್ಲ,” ಎಂದೆ.

“ಅದು ಗೊತ್ತುಂಟು, ಮೇಡಂ. ಕೈಗೆ ಹಳೇ ಚಟ. ಆದ್ರೆ ಇದು ನೋಡಿ. ಇಲ್ಲಿ ಕಿತ್ರೆ ಮೂರು ಮೂರು ಬರ್ತದೆ. ಆಚೆ ಸಾಲಿನಲ್ಲಿ ಎರಡೇ. ಎಂತ ಅದು? ಕಾಯಿಲೆ ಬಂದ್ರೆ ಎಲೆ ಹೆಚ್ಚಾಗ್ತದಾ?”

ಅವರ ಕೈಯಿಂದ ಸೂಜಿ ಇಸಿದುಕೊಂಡು ಬುಡ ನೋಡಿದೆ. ಪೈನ್‌ನ ಸೂಜಿಗಳು ಬುಡದಲ್ಲಿ ಒಂದು ಸಣ್ಣ ಕವಚದೊಳಗೆ ಗೊಂಚಲಾಗಿರುತ್ತವೆ. ಗೊಂಚಲಿಗೆ ಎಷ್ಟು ಸೂಜಿ ಎಂಬುದು ಜಾತಿಯನ್ನು ಗುರುತಿಸುವ ಮೊದಲ ಪಾಠ. ಅಲೆಪ್ಪೊಗೆ ಸಾಮಾನ್ಯವಾಗಿ ಎರಡು. ಪದವಿಯ ಎರಡನೇ ವರ್ಷದಲ್ಲಿ ಓದಿ ಪಾಸಾದ ಪಾಠ.

ಒಂದೊಂದೇ ಮರ ಎಣಿಸಿದೆ. ಪೂರ್ವದ ಕಂದು ಮರಗಳು ಹದಿನಾರಕ್ಕೆ ಹದಿನಾರೂ ಮೂರು ಸೂಜಿಯವು. ಅದೇ ಸಾಲಿನಲ್ಲಿ, ಅದೇ ಒದ್ದೆ ಮಣ್ಣಿನಲ್ಲಿ ಹಸಿರಾಗಿ ನಿಂತಿದ್ದ ಎರಡು ಮರಗಳಿಗೆ ಎರಡೇ. ಪಶ್ಚಿಮದಲ್ಲಿ ಗೋಡೆಯ ದಟ್ಟ ನೆರಳಿನಲ್ಲಿ ಒಂದೇ ಒಂದು ಮರ ಕಂದಾಗಿತ್ತು. ಮೀಟಿಂಗ್‌ನಲ್ಲಿ ನನ್ನ ವಾದಕ್ಕೆ ಅಡ್ಡ ಬರುತ್ತದೆಂದು ನಾನು ಅದರ ಹೆಸರೆತ್ತಿರಲಿಲ್ಲ. ಅದರ ಒಂದು ಗೊಂಚಲು ಕಿತ್ತೆ. ಮೂರು.

ಲಕ್ಷಣ ನೋಡಿದರೆ ಅದು ರೇಡಿಯಾಟಾ ಪೈನ್. ಕ್ಯಾಲಿಫೋರ್ನಿಯಾದ ಮಂಜು ಕವಿದ ಕರಾವಳಿಯ ಕೆಲವೇ ತುಣುಕುಗಳಲ್ಲಿ ಕಾಡುಮರವಾಗಿ ಉಳಿದಿರುವ ಜಾತಿ. ಮನುಷ್ಯರು ಜಗತ್ತಿನ ಎಲ್ಲೆಲ್ಲೋ ನೆಟ್ಟು ಬೆಳೆಸಿದ್ದಾರೆ, ಆದರೆ ಸುಣ್ಣದ ಮಣ್ಣು, ಉಪ್ಪಿನಂಶದ ನೀರು, ಇಲ್ಲಿನ ಬಿಸಿಲು ಅದಕ್ಕೆ ಒಗ್ಗುವುದಿಲ್ಲ. ನೀರು ಎಷ್ಟು ಬಿಟ್ಟರೂ ಇಲ್ಲಿ ಅದು ಸೊರಗುವುದೇ. ನರ್ಸರಿಯವರು ಎರಡು ಜಾತಿ ಬೆರೆಸಿ ಕಳಿಸಿದ್ದರು. ಇಳಿಸಿಕೊಳ್ಳುವಾಗ ಎತ್ತರ ಅಳೆದು, ಕಾಂಡದ ಸುತ್ತಳತೆ ಬರೆದು, ‘ಜಾತಿ ಸರಿಯಾಗಿದೆ’ ಎಂಬ ಚೌಕಕ್ಕೆ ಗುರುತು ಹಾಕಿದವಳು ನಾನು. ಸೂಜಿ ಎಣಿಸಿರಲಿಲ್ಲ. ಮರಗಳಿಗೆ ಕಟ್ಟಿದ್ದ ಚೀಟಿಯಲ್ಲಿ ಅಲೆಪ್ಪೊ ಎಂದಿತ್ತಲ್ಲ! ಎಲ್ಲರ ಮಾತಿಗೂ ಆಧಾರ ಕೇಳುವವಳು ಒಂದು ಚೀಟಿಯನ್ನು ನಂಬಿದ್ದೆ.

ಆ ರಾತ್ರಿ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನನ್ನ ಕೋಣೆಗೆ ಮರಳಿ ಊಟಕ್ಕೆ ಕುಳಿತೆ. ತಲೆ ಎರಡೂ ಪಕ್ಷದ ವಕಾಲತ್ತು ನಡೆಸಿತ್ತು. ನೀರೂ ಸ್ವಲ್ಪ ಹೆಚ್ಚೇ ಇತ್ತಲ್ಲ? ವರದಿ ಪೂರ್ತಿ ಸುಳ್ಳೇನಲ್ಲವಲ್ಲ? ಪ್ರೊಬೇಷನ್‌ನಲ್ಲಿರುವವಳು ಇಂಥ ತಪ್ಪು ಒಪ್ಪಿಕೊಂಡರೆ ನೇರ ಊರಿಗೆ ಟಿಕೆಟ್. ವಾದಗಳು ಚೆನ್ನಾಗಿಯೇ ಇದ್ದವು. ಅದೇ ಹೆದರಿಕೆ ಹುಟ್ಟಿಸಿತು. ಬೇಕೆಂದರೆ ಇದರಲ್ಲೂ ಗೆಲ್ಲಬಲ್ಲೆ ಎಂದು ನನಗೆ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಶ್ರೀನಿವಾಸ್ ಅವರ ಮೇಜಿನ ಮೇಲೆ ಎರಡು ಗೊಂಚಲು ಸೂಜಿ ಇಟ್ಟೆ, ಪಕ್ಕದಲ್ಲಿ ಹೊಸ ವರದಿ. ಅವರು ಓದಿ ತಲೆ ಎತ್ತಿದರು.

“ಮರ ಪಾಸ್ ಮಾಡಿದ್ದು ಯಾರು?”

“ನಾನೇ ಸರ್.”

“ಮೊನ್ನೆ ಅಷ್ಟುದ್ದ ಭಾಷಣ ಹೊಡೆದೆಯಲ್ಲಮ್ಮ?”

“ಭಾಷಣ ಚೆನ್ನಾಗಿತ್ತು ಸರ್. ವಿಷಯ ತಪ್ಪಿತ್ತು.”

ಅವರು ನಗಲಿಲ್ಲ. ಹಳೆಯ ವರದಿಯನ್ನು ಫೈಲಿನಿಂದ ತೆಗೆದು ಮಡಚಿದರು. “ಹೊರಗೆ ಕೂತ್ಕೋ.”

ನಲವತ್ತು ನಿಮಿಷ ಹೊರಗೆ ಕುಳಿತಿದ್ದೆ. ಕೊನೆಗೆ ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಪ್ರೊಬೇಷನ್ ಕಡೆಯ ದಿನದವರೆಗೂ ತೂಗುಗತ್ತಿಯಾಗಿ ಉಳಿಯಿತು. ನರ್ಸರಿಯವರು ಹದಿನೇಳು ಮರ ಬದಲಾಯಿಸಿಕೊಡಲು ಒಪ್ಪಿದರು. ಅದ್ರಾಮಾಕರ ಕಾಂಟ್ರಾಕ್ಟ್ ರಿನ್ಯೂ ಆಯಿತು, ಸಫಾ ಪರೀಕ್ಷೆ ಬರೆದಳು. ಅವರ ಎದುರು ನಿಂತು ಕ್ಷಮೆ ಕೇಳಿದಾಗ ಅವರು ಅಂದದ್ದು ಇಷ್ಟೇ: “ನೀವು ಮಾತಾಡಿದ್ರೆ ನನಗೇ ನಾನು ತಪ್ಪು ಮಾಡಿದ್ದೇನೆ ಅಂತ ಕಂಡಿತು, ಮಾರಾಯ್ರೆ. ಎರಡು ದಿನ ನಿದ್ದೆ ಇಲ್ಲ.” ಗೆದ್ದ ಯಾವ ಚರ್ಚೆಯ ಬಗ್ಗೆಯೂ ನನಗೆ ಅಷ್ಟು ನಾಚಿಕೆಯಾಗಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇದು: ಎದುರಿನವನು ಸುಮ್ಮನಾದರೆ ಮಾತು ಮುಗಿಯಿತು ಎಂದಷ್ಟೇ ಅರ್ಥ, ಮರಕ್ಕೆ ಏನಾಗಿದೆ ಎಂಬುದು ಇನ್ನೂ ಗೊತ್ತಾಗಿರುವುದಿಲ್ಲ. ಬದಲಿ ಮರಗಳ ಲಾರಿ ಬಂದ ದಿನ ಹದಿನೇಳರ ಸೂಜಿಯನ್ನೂ ಎಣಿಸಿದೆ. ಎಲ್ಲ ಎರಡೆರಡೇ. ಸಹಿ ಹಾಕಲು ಪೆನ್ನು ತೆಗೆದರೆ ಅದ್ರಾಮಾಕ ಲಾರಿ ಹತ್ತಿದ್ದರು.

“ನೀವು ಎಣಿಸಿದ್ದು ಸರಿ ಉಂಟು, ಮೇಡಂ. ಆದ್ರೂ ನಾನೊಮ್ಮೆ ನೋಡ್ತೇನೆ. ಬೇಜಾರಿಲ್ಲ ಅಲ್ಲ?”

ಪೆನ್ನಿನ ಮುಚ್ಚಳ ಹಾಕಿದೆ. “ನೋಡಿ,” ಎಂದೆ. “ನಾನು ಕಾಯ್ತೇನೆ.”