ಅಮ್ಮನ ಬೆರಳಿಗೆ ನನ್ನ ಸೂಜಿ

ನನಗೆ ಹದಿನೆಂಟು ತುಂಬಿದ ತಿಂಗಳೇ ಮಕ್ಕಳ ಡಾಕ್ಟರು ನನ್ನನ್ನು ಕೈಬಿಟ್ಟರು. "ಇನ್ಮೇಲೆ ದೊಡ್ಡವರ ಡಾಕ್ಟರ್ ಹತ್ರ ಹೋಗಮ್ಮ, ನೀನೇ ಮಾತಾಡೋದು ಕಲಿ," ಎಂದರು. ಏಳನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದಾಗಿನಿಂದ ಅವರ ಮುಂದೆ ನಾನು ಬಾಯಿ ಬಿಟ್ಟಿದ್ದು ಗಂಟಲು ತೋರಿಸಲು ಮಾತ್ರ. ಮಿಕ್ಕ ಮಾತೆಲ್ಲ ಅಮ್ಮನದು. "ಹಸಿವು ಹೇಗಿದೆ ಪುಟ್ಟಿ?" ಎಂದು ಅವರು ನನ್ನನ್ನು ಕೇಳಿದರೆ ಅಮ್ಮ, "ಮೂರು ಇಡ್ಲಿ ತಿಂದ್ಲು ಡಾಕ್ಟ್ರೇ, ಚಟ್ನಿ ಮುಟ್ಲಿಲ್ಲ," ಎಂದು ವರದಿ ಒಪ್ಪಿಸುತ್ತಿದ್ದಳು.

ಹೊಸ ಡಾಕ್ಟರನ್ನು ಮಾತ್ರ ನಾನು ಒಬ್ಬಳೇ ನೋಡಬೇಕಿತ್ತು. ಕೇಳುವುದೊಂದಿತ್ತು. ಬಸವನಗುಡಿಯ ಮದುವೆ ಛತ್ರದಲ್ಲಿ ನಾನು ಹೋಳಿಗೆ ಬೇಡ ಎಂದಿದ್ದಕ್ಕೆ ದೊಡ್ಡಮ್ಮ ಪಕ್ಕದವರಿಗೆ, "ಪಾಪ, ಈ ಕಾಯಿಲೆಯವರಿಗೆ ಮಕ್ಕಳಾಗಲ್ವಂತೆ," ಎಂದಿದ್ದಳು. ನನಗೆ ಮದುವೆಯ ಆತುರವೇನೂ ಇರಲಿಲ್ಲ, ಬಿ.ಕಾಂ. ಮೊದಲ ಸೆಮಿಸ್ಟರೇ ಮುಗಿದಿರಲಿಲ್ಲ. ಆದರೂ ಆ ಮಾತು ಮುಳ್ಳಿನ ಹಾಗೆ ಒಳಗೆ ಕೂತಿತ್ತು. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಆಗುತ್ತದೆ, ಇನ್ನೊಂದು ಕಡೆ ಅಯ್ಯೋ ಪಾಪ. ಅಮ್ಮನ ಎದುರು ಕೇಳಿದರೆ ಅವಳು ಅಲ್ಲೇ ಅತ್ತುಬಿಡುತ್ತಾಳೆ ಎಂಬ ಹೆದರಿಕೆ ಬೇರೆ.

"ನಾನೊಬ್ಳೇ ಹೋಗ್ತೀನಿ," ಎಂದೆ.

"ಹೋಗು, ಯಾರು ಬೇಡ ಅಂದ್ರು?" ಎಂದ ಅಮ್ಮ ಸೀರೆ ಬದಲಿಸಿ, ಫೈಲು ಕಂಕುಳಲ್ಲಿಟ್ಟುಕೊಂಡು, ನನಗಿಂತ ಮೊದಲೇ ಆಟೋ ಹತ್ತಿ ಕೂತಿದ್ದಳು.

ಜಯನಗರದ ಆ ಕ್ಲಿನಿಕ್ಕಿನಲ್ಲಿ ಇದ್ದವರೆಲ್ಲ ರಿಟೈರಾದವರು. ವಾಕಿಂಗ್ ಶೂ ಹಾಕಿದ ಅಂಕಲ್ ಒಬ್ಬರು, "ಅಮ್ಮನ್ನ ಕರ್ಕೊಂಡ್ ಬಂದ್ಯೇನಮ್ಮಾ? ಈಗಿನ ಕಾಲ್ದಲ್ಲಿ ಎಷ್ಟು ಮಕ್ಕಳು ಬರ್ತಾರೆ!" ಎಂದು ಸರ್ಟಿಫಿಕೇಟು ಕೊಟ್ಟರು. ನರ್ಸ್ ಕೂಡ ಹಾಗೇ ತಿಳಿದರು. ಅಲ್ಲಿಗೆ ಚಿಕ್ಕವರು ಬರುವುದೇ ದೊಡ್ಡವರ ಚಪ್ಪಲಿ ಕಾಯಲು. "ಏನ್ ತಿಂದ್ರಿ?" ಎಂದು ನರ್ಸ್ ಕೇಳಿದರೆ ಅಮ್ಮ ಎಂದಿನಂತೆ, "ಅಕ್ಕಿರೊಟ್ಟಿ, ಒಂದೂವರೆ," ಎಂದಳು. ತಿಂದಿದ್ದು ನಾನು. ಮರುಕ್ಷಣ ಸೂಜಿ ಅಮ್ಮನ ಬೆರಳಿಗೆ ಇಳಿಯಿತು. "ಅಯ್ಯಯ್ಯಪ್ಪಾ!" ಎಂಬ ಕೂಗಿಗೆ ಅಂಕಲ್ ಕೈಯಲ್ಲಿದ್ದ ಪೇಪರು ಕೆಳಗೆ ಬಿತ್ತು. ಇಷ್ಟು ವರ್ಷ ನನಗೆ "ಇರುವೆ ಕಚ್ಚಿದ ಹಾಗೆ ಅಷ್ಟೇ ಕಣೇ" ಎಂದವಳು ಇವಳೇ.

ಒಳಗೆ ಡಾಕ್ಟರಮ್ಮ ಚೀಟಿ ನೋಡಿ ಅಮ್ಮನ ಕಡೆ ತಿರುಗಿದರು. "ವೆರಿ ಗುಡ್! ಇಷ್ಟು ಚೆನ್ನಾಗಿ ಕಂಟ್ರೋಲ್ ಮಾಡಿದೀರಲ್ಲ, ಹೇಗೆ?"

ಹೊಗಳಿಕೆ ಯಾರಿಗೆ ಬೇಡ? ಅಮ್ಮ ಮೆಂತ್ಯದ ಪುಡಿಯ ವಿಷಯ ಶುರುಮಾಡಿಯೇಬಿಟ್ಟಳು.

"ಮೇಡಂ, ಪೇಷಂಟ್ ನಾನು," ಎಂದೆ. ಡಾಕ್ಟರ ಮುಂದೆ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಡಾಕ್ಟರಮ್ಮ ನಕ್ಕರು. "ಹಾಗಾದ್ರೆ ನೀವು ಸ್ವಲ್ಪ ಹೊರಗಿರಿ," ಎಂದು ಅಮ್ಮನಿಗೆ ಹೇಳಿದರು. ಅಮ್ಮ ಬೆರಳಿಗೆ ಹತ್ತಿ ಒತ್ತಿಕೊಂಡು, "ರಾತ್ರಿ ಡೋಸ್ ಕೇಳು, ಮರೀಬೇಡ," ಎನ್ನುತ್ತಲೇ ಬಾಗಿಲು ದಾಟಿದಳು.

ದೊಡ್ಡಮ್ಮನ ಮಾತು ನಿಜವೇ ಎಂದು ನಾನು ಕೇಳಿದೆ. "ಧಾರಾಳವಾಗಿ ಆಗುತ್ತೆ," ಎಂದರು ಡಾಕ್ಟರಮ್ಮ. "ಅದಕ್ಕೆ ಮುಂಚೆ ಶುಗರ್ ಹಿಡಿತದಲ್ಲಿರ್ಬೇಕು, ಮೊದ್ಲೇ ಬಂದು ನಮಗೆ ಹೇಳ್ಬೇಕು, ಅಷ್ಟೇ." ಆಮೇಲೆ ನನ್ನ ಬೆರಳು ಚುಚ್ಚಿಸಿ, ಬಂದ ಅಂಕಿ ನೋಡಿ ಚೆನ್ನಾಗಿ ಬೈದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು.

ಹೊರಗೆ ಬಂದೊಡನೆ ಅಮ್ಮ, "ಏನಂದ್ರು?" ಎಂದಳು.

"ಡೋಸ್ ಸ್ವಲ್ಪ ಜಾಸ್ತಿ ಮಾಡಿದ್ರು."

ಅವಳು ಕೈ ಅಡ್ಡ ಹಿಡಿದು ಒಂದು ಆಟೋ ನಿಲ್ಲಿಸಿದಳು. ಕೂತ ಮೇಲೆ ರಸ್ತೆ ನೋಡುತ್ತಾ ಹೇಳಿದಳು: "ಮಕ್ಕಳಾಗುತ್ತೆ ಅಂದ್ರು ತಾನೇ? ಅವತ್ತು ಛತ್ರದಲ್ಲಿ ನನ್ನ ಕಿವಿಗೂ ಬಿತ್ತು. ನಿಮ್ಮ ದೊಡ್ಡಮ್ಮಂಗೆ ಬೇರೆ ಕೆಲ್ಸ ಇಲ್ಲ. ನಿಂಗೆ ಏಳು ವರ್ಷ ಇದ್ದಾಗ್ಲೇ ನಾನು ಡಾಕ್ಟ್ರನ್ನ ಕೇಳಿದ್ದೆ ಕಣೇ, ನಿನ್ನನ್ನ ಹೊರಗೆ ಕೂರಿಸಿ."